ಜಾರ್ಜ್ ಜೆನ್ಸನ್

ಜಾರ್ಜ್ ಜೆನ್ಸನ್ (31 ಆಗಸ್ಟ್ 1866 – 2 ಅಕ್ಟೋಬರ್ 1935) ಡೆನ್ಮಾರ್ಕ್ ದೇಶದ ಪ್ರಸಿದ್ಧ ಬೆಳ್ಳಿಕೆಲಸಗಾರರು, ಆಭರಣ ವಿನ್ಯಾಸಕರು ಹಾಗೂ ಶಿಲ್ಪಿ. ಡೇನಿಷ್ ಭಾಷೆಯಲ್ಲಿ ಇವರ ಮನೆತನದ ಹೆಸರನ್ನು ಯೆನ್ಸನ್ ಎಂದು ಉಚ್ಚರಿಸುತ್ತಾರೆ. 1904ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಇವರು ಆರಂಭಿಸಿದ ಚಿಕ್ಕ ಬೆಳ್ಳಿ ಕಾರ್ಯಾಗಾರವು ಮುಂದಿನ ಎರಡು ದಶಕಗಳಲ್ಲಿ ಬರ್ಲಿನ್, ಲಂಡನ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ ಮಳಿಗೆಗಳನ್ನು ಹೊಂದಿದ ಸಂಸ್ಥೆಯಾಗಿ ಬೆಳೆಯಿತು. ಆಭರಣದ ಬೆಲೆಯು ಅದರಲ್ಲಿರುವ ಚಿನ್ನದ ತೂಕವನ್ನೋ ವಜ್ರದ ಗಾತ್ರವನ್ನೋ ಮಾತ್ರ ಅವಲಂಬಿಸಬೇಕಾಗಿಲ್ಲ, ವಿನ್ಯಾಸ ಮತ್ತು ಕೈಕೆಲಸಕ್ಕೂ ಬೆಲೆಯಿದೆ ಎಂಬುದನ್ನು ಇವರ ಕೃತಿಗಳು ತೋರಿಸಿಕೊಟ್ಟವು. ಆದರೆ ತಾವೇ ಕಟ್ಟಿದ ಸಂಸ್ಥೆಯ ಮೇಲಿನ ಹಿಡಿತವನ್ನು ಇವರು ಬದುಕಿರುವಾಗಲೇ ಕಳೆದುಕೊಂಡರು. ಈ ಕಾರಣದಿಂದ ಜೆನ್ಸನ್ ಅವರ ಜೀವನವು ಕುಶಲಕರ್ಮಿಯೊಬ್ಬನ ಯಶಸ್ಸಿನ ಕಥೆಯಾಗಿರುವಂತೆಯೇ, ಸಣ್ಣ ಉದ್ಯಮವೊಂದು ದೊಡ್ಡದಾಗುವಾಗ ಅದರ ಸ್ಥಾಪಕನು ತೆರಬೇಕಾಗುವ ಬೆಲೆಯ ಕಥೆಯೂ ಆಗಿದೆ.

ಜನನ ಮತ್ತು ಬಾಲ್ಯ

ಜೆನ್ಸನ್ ಅವರು ಕೋಪನ್‌ಹೇಗನ್ ನಗರದ ಉತ್ತರಕ್ಕಿರುವ ರಾಡ್‌ವಾಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಕಾಡಿನ ಅಂಚಿನಲ್ಲಿದ್ದ ಈ ಊರು ಚಾಕು, ಕತ್ತರಿಗಳನ್ನು ತಯಾರಿಸುವ ಕಾರ್ಖಾನೆಯನ್ನು ನೆಚ್ಚಿಕೊಂಡಿತ್ತು. ತಂದೆ ಅದೇ ಕಾರ್ಖಾನೆಯಲ್ಲಿ ಚಾಕುಗಳನ್ನು ಸಾಣೆ ಹಿಡಿಯುವ ಕಾರ್ಮಿಕರಾಗಿದ್ದರು. ಮನೆಯಲ್ಲಿ ಸಿರಿತನವಿರಲಿಲ್ಲ, ಮಕ್ಕಳು ಹಲವರಿದ್ದರು. ದುಡಿದೇ ಉಣ್ಣಬೇಕಾದ ಕುಟುಂಬದಲ್ಲಿ ಬೆಳೆದ ಬಾಲಕನಿಗೆ ಎರಡು ಸಂಗತಿಗಳು ಚಿಕ್ಕಂದಿನಿಂದಲೇ ಪರಿಚಿತವಾದವು. ಒಂದು, ಲೋಹವನ್ನು ಕಾಯಿಸಿ, ಬಡಿದು, ಉಜ್ಜಿ ಬಳಕೆಯ ವಸ್ತುವನ್ನಾಗಿ ಮಾಡುವ ಕೆಲಸ. ಇನ್ನೊಂದು, ಊರಿನ ಸುತ್ತಲಿನ ಗಿಡಮರ, ಹೂವು, ಹಣ್ಣು ಮತ್ತು ಹಕ್ಕಿಗಳ ಲೋಕ. ಮುಂದೆ ಇವರು ರೂಪಿಸಿದ ಆಭರಣಗಳಲ್ಲಿ ಈ ಎರಡೂ ಒಂದಾಗಿ ಕಾಣಿಸಿಕೊಂಡವು.

ಜೆನ್ಸನ್ ಅವರಿಗೆ ಹದಿನಾಲ್ಕು ವರ್ಷವಾದಾಗ ಅವರನ್ನು ಕೋಪನ್‌ಹೇಗನ್ನಿನ ಅಕ್ಕಸಾಲಿಗರೊಬ್ಬರ ಬಳಿ ಕೆಲಸ ಕಲಿಯಲು ಸೇರಿಸಲಾಯಿತು. ಆ ಕಾಲದ ಯೂರೋಪಿನಲ್ಲಿ ಕುಶಲಕರ್ಮಿಯಾಗಬಯಸುವ ಹುಡುಗನು ಒಬ್ಬ ಗುರುವಿನ ಕೈಕೆಳಗೆ ಹಲವು ವರ್ಷ ದುಡಿದು, ಕೆಲಸದಲ್ಲಿ ತೇರ್ಗಡೆಯಾದ ಮೇಲೆಯೇ ವೃತ್ತಿಯನ್ನು ಕೈಗೊಳ್ಳಬೇಕಾಗಿತ್ತು. ಜೆನ್ಸನ್ ಅವರು 1884ರಲ್ಲಿ ಈ ಶಿಕ್ಷಣವನ್ನು ಮುಗಿಸಿದರು. ತಗಡು ಬಡಿಯುವುದು, ತಂತಿ ಎಳೆಯುವುದು, ಬೆಸುಗೆ ಹಾಕುವುದು, ಕಲ್ಲು ಕೂರಿಸುವುದು, ಒಪ್ಪವಿಡುವುದು ಮುಂತಾದ ಮೂಲಕೆಲಸಗಳು ಹದಿನೆಂಟನೆಯ ವಯಸ್ಸಿಗೇ ಅವರಿಗೆ ಕರಗತವಾಗಿದ್ದವು.

ಶಿಲ್ಪಕಲೆಯ ವ್ಯಾಸಂಗ

ಅಕ್ಕಸಾಲಿಕೆಯನ್ನು ಕಲಿತರೂ ಜೆನ್ಸನ್ ಅವರ ಮನಸ್ಸು ಶಿಲ್ಪಕಲೆಯ ಕಡೆಗೆ ಒಲಿದಿತ್ತು. 1887ರಲ್ಲಿ ಅವರು ಡೆನ್ಮಾರ್ಕಿನ ರಾಯಲ್ ಅಕಾಡೆಮಿ ಆಫ್ ಫೈನ್ ಆರ್ಟ್ಸ್ ಸಂಸ್ಥೆಗೆ ಸೇರಿ 1892ರಲ್ಲಿ ವ್ಯಾಸಂಗವನ್ನು ಪೂರ್ಣಗೊಳಿಸಿದರು. ಮನುಷ್ಯದೇಹದ ರಚನೆ, ಉಬ್ಬುತಗ್ಗುಗಳ ಮೇಲೆ ಬೆಳಕು ಬೀಳುವ ರೀತಿ, ಮಣ್ಣಿನಲ್ಲಿ ಮಾದರಿ ತಯಾರಿಸುವ ಕ್ರಮ ಇವೆಲ್ಲವನ್ನು ಅಲ್ಲಿ ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದರು. ಈ ಅವಧಿಯಲ್ಲಿ ರಚಿಸಿದ ಕೊಯ್ಲುಗಾರನ ಶಿಲ್ಪವು ಅವರ ಆರಂಭಿಕ ಕೃತಿಗಳಲ್ಲಿ ಹೆಸರಾದುದು. ದುಡಿಯುವ ಸಾಮಾನ್ಯ ಮನುಷ್ಯನನ್ನು ವಸ್ತುವಾಗಿ ಆರಿಸಿಕೊಂಡುದು ಅವರು ಬೆಳೆದು ಬಂದ ಹಿನ್ನೆಲೆಗೆ ಸಹಜವಾಗಿಯೇ ಇತ್ತು.

ಶಿಲ್ಪಿಯಾಗಿ ಅವರಿಗೆ ಮನ್ನಣೆ ದೊರೆತರೂ ಅದರಿಂದ ಹೊಟ್ಟೆ ತುಂಬುವಷ್ಟು ಆದಾಯ ಬರಲಿಲ್ಲ. ಶಿಲ್ಪಕ್ಕೆ ಬೇಕಾದ ಕಂಚು ಮತ್ತು ಅಮೃತಶಿಲೆ ದುಬಾರಿಯಾಗಿದ್ದವು. ದೊಡ್ಡ ಶಿಲ್ಪಗಳನ್ನು ಕೊಳ್ಳುವವರು ಸರ್ಕಾರ, ಚರ್ಚು ಮತ್ತು ಕೆಲವೇ ಸಿರಿವಂತರು. ಇತ್ತ 1891ರಲ್ಲಿ ಅವರ ವಿವಾಹವಾಗಿದ್ದು ಸಂಸಾರದ ಹೊಣೆಯೂ ಹೆಗಲೇರಿತ್ತು. 1897ರಲ್ಲಿ ಪತ್ನಿ ಆಂಟೊನೆಟ್ ತೀರಿಕೊಂಡರು. ಮೂವತ್ತೊಂದರ ಆಸುಪಾಸಿನಲ್ಲಿದ್ದ ಜೆನ್ಸನ್ ಅವರ ಮೇಲೆ ಇಬ್ಬರು ಎಳೆಯ ಗಂಡುಮಕ್ಕಳನ್ನು ಒಂಟಿಯಾಗಿ ಸಾಕುವ ಭಾರ ಬಿದ್ದಿತು. ಕಲೆಯ ಹಂಬಲ ಒಂದೆಡೆ, ಮಕ್ಕಳ ಅನ್ನದ ಪ್ರಶ್ನೆ ಇನ್ನೊಂದೆಡೆ ಎಂಬ ಸ್ಥಿತಿಯಲ್ಲಿ ಅವರು ಅನ್ವಯಿಕ ಕಲೆಗಳತ್ತ, ಎಂದರೆ ದಿನಬಳಕೆಯ ವಸ್ತುಗಳನ್ನು ಸುಂದರವಾಗಿ ರೂಪಿಸುವ ಕಲೆಗಳತ್ತ ತಿರುಗಿದರು.

ಜೀವನೋಪಾಯದ ಹುಡುಕಾಟ

ಮೊದಲಿಗೆ ಜೆನ್ಸನ್ ಅವರು ಕೋಪನ್‌ಹೇಗನ್ನಿನ ಬಿಂಗ್ ಅಂಡ್ ಗ್ರೋಂಡಾಲ್ ಎಂಬ ಪಿಂಗಾಣಿ ಕಾರ್ಖಾನೆಯಲ್ಲಿ ಮಾದರಿ ತಯಾರಕರಾಗಿ ಕೆಲಸ ಮಾಡಿದರು. ಅನಂತರ 1898ರಲ್ಲಿ ಗೆಳೆಯ ಯೋಕಿಮ್ ಪೆಟರ್ಸನ್ ಅವರೊಡನೆ ಸೇರಿ ಸಣ್ಣದೊಂದು ಕುಂಬಾರಿಕೆಯ ಕಾರ್ಯಾಗಾರವನ್ನು ನಡೆಸಿದರು. ಅಲ್ಲಿ ತಯಾರಾದ, ಜಾಡಿಯ ಮೇಲೆ ಹುಡುಗಿಯ ಆಕೃತಿಯಿರುವ ಕೃತಿಗೆ 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಪ್ರಶಂಸೆ ಲಭಿಸಿತು. ಪ್ರಶಂಸೆ ಬಂದರೂ ಮಾರಾಟ ಸಾಕಷ್ಟಾಗದೆ ಆ ಉದ್ಯಮ ಉಳಿಯಲಿಲ್ಲ.

ಇದೇ ಸಮಯದಲ್ಲಿ ಅಕಾಡೆಮಿಯು ನೀಡಿದ ಪ್ರವಾಸ ವೇತನದ ನೆರವಿನಿಂದ ಅವರು ಫ್ರಾನ್ಸ್ ಮತ್ತು ಇಟಲಿಗಳಲ್ಲಿ ಸಂಚರಿಸಿದರು. ಹಳೆಯ ಕಾಲದಲ್ಲಿ ಶಿಲ್ಪಿ, ಅಕ್ಕಸಾಲಿಗ, ಚಿತ್ರಕಾರ ಎಂಬ ಭೇದಗಳು ಇಂದಿನಷ್ಟು ಕಟ್ಟುನಿಟ್ಟಾಗಿರಲಿಲ್ಲ ಎಂಬುದಕ್ಕೆ ಇಟಲಿಯ ನಗರಗಳು ಸಾಕ್ಷಿಯಾಗಿದ್ದವು. ಪುನರುಜ್ಜೀವನ ಕಾಲದ ಗಿಬೆರ್ಟಿ, ಚೆಲ್ಲಿನಿ ಮುಂತಾದ ಶಿಲ್ಪಿಗಳು ಅಕ್ಕಸಾಲಿಗರಾಗಿ ಪಳಗಿದವರೇ ಆಗಿದ್ದರು. ಪ್ಯಾರಿಸ್ ನಗರದಲ್ಲಿ ಆಗ ಆರ್ ನುವೋ ಎಂಬ ಹೊಸ ಕಲಾಶೈಲಿ ಉನ್ನತಿಯಲ್ಲಿತ್ತು. ಬಳ್ಳಿಯಂತೆ ಬಾಗುವ ರೇಖೆಗಳು, ಹೂವು, ಎಲೆ, ಕೀಟಗಳ ರೂಪಗಳು ಆ ಶೈಲಿಯ ಲಕ್ಷಣಗಳು. ಫ್ರಾನ್ಸಿನ ಆಭರಣಕಾರ ರೆನೆ ಲಾಲಿಕ್ ಅವರು ಕೊಂಬು, ಗಾಜು, ಮೀನಾಕಾರಿಯಂತಹ ಅಗ್ಗದ ಸಾಮಗ್ರಿಗಳಿಂದಲೂ ಬೆಲೆಬಾಳುವ ಕಲಾಕೃತಿಗಳನ್ನು ನಿರ್ಮಿಸಬಹುದೆಂದು ಆಗಲೇ ತೋರಿಸಿದ್ದರು.

ಬೆಳ್ಳಿಕೆಲಸಕ್ಕೆ ಮರಳಿಕೆ

ತಾಯ್ನಾಡಿಗೆ ಹಿಂದಿರುಗಿದ ಜೆನ್ಸನ್ ಅವರು 1901ರಲ್ಲಿ ಮೋಗೆನ್ಸ್ ಬಲ್ಲಿನ್ ಅವರ ಕಾರ್ಯಾಗಾರವನ್ನು ಸೇರಿದರು. ಬಲ್ಲಿನ್ ಅವರು ಮೂಲತಃ ಚಿತ್ರಕಾರರು. ಸಾಮಾನ್ಯರ ಮನೆಗೂ ಸುಂದರವಾದ ವಸ್ತುಗಳು ತಲುಪಬೇಕೆಂಬ ಆಶಯದಿಂದ ತವರ ಮುಂತಾದ ಸಾಧಾರಣ ಲೋಹಗಳಲ್ಲಿ ದೀಪ, ಬಟ್ಟಲು, ಆಭರಣಗಳನ್ನು ಮಾಡಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮೊದಲಾದವರು ಯಂತ್ರದ ಸರಕಿಗೆ ಎದುರಾಗಿ ಕೈಕಸುಬನ್ನು ಎತ್ತಿಹಿಡಿದು ನಡೆಸಿದ ಕಲೆ ಮತ್ತು ಕರಕುಶಲ ಚಳವಳಿಯ ಪ್ರಭಾವ ಡೆನ್ಮಾರ್ಕನ್ನೂ ಮುಟ್ಟಿತ್ತು. ಅಲ್ಲಿ ಬೆಳೆದ ಇದೇ ಬಗೆಯ ಶೈಲಿಯನ್ನು ಸ್ಕೋನ್‌ವಿರ್ಕೆ ಎಂದು ಕರೆಯುತ್ತಾರೆ. ಸುಂದರವಾದ ಕೆಲಸ ಎಂಬುದು ಈ ಪದದ ಅರ್ಥ.

ಇದಕ್ಕೂ ಮೊದಲೇ, 1899ರಲ್ಲಿ, ಜೆನ್ಸನ್ ಅವರು ಆದಮ ಮತ್ತು ಈವರ ಆಕೃತಿಗಳಿರುವ ಬೆಳ್ಳಿಯ ಸೊಂಟಪಟ್ಟಿಯ ಕೊಕ್ಕೆಯೊಂದನ್ನು ರೂಪಿಸಿದ್ದರು. ಶಿಲ್ಪಿಯ ಕಣ್ಣು ಮತ್ತು ಅಕ್ಕಸಾಲಿಗನ ಕೈ ಒಂದೇ ವಸ್ತುವಿನಲ್ಲಿ ಕೂಡಿದ ಆರಂಭಿಕ ಉದಾಹರಣೆಯಾಗಿ ಅದನ್ನು ಪರಿಗಣಿಸುತ್ತಾರೆ. ಬಲ್ಲಿನ್ ಅವರ ಬಳಿಯ ಅನುಭವವು ಜೆನ್ಸನ್ ಅವರಿಗೆ ತಾವು ಹುಡುಗನಾಗಿದ್ದಾಗ ಕಲಿತ ವೃತ್ತಿಯೇ ತಮ್ಮ ಕಲೆಗೂ ದಾರಿ ಎಂಬ ಭರವಸೆಯನ್ನು ನೀಡಿತು.

ಬ್ರೆಡ್‌ಗಾಡೆಯ ಕಾರ್ಯಾಗಾರ

1904ರ ಏಪ್ರಿಲ್ ತಿಂಗಳಿನಲ್ಲಿ ಜೆನ್ಸನ್ ಅವರು ಕೋಪನ್‌ಹೇಗನ್ನಿನ ಬ್ರೆಡ್‌ಗಾಡೆ ಬೀದಿಯ 36ನೆಯ ಸಂಖ್ಯೆಯ ಕಟ್ಟಡದಲ್ಲಿ ಸ್ವಂತ ಬೆಳ್ಳಿ ಕಾರ್ಯಾಗಾರವನ್ನು ತೆರೆದರು. ಆಗ ಅವರಿಗೆ ಮೂವತ್ತೇಳು ವರ್ಷ. ಕೈಯಲ್ಲಿ ಹೆಚ್ಚು ಬಂಡವಾಳವಿರಲಿಲ್ಲ, ಜೊತೆಗೆ ಕೆಲಸಕ್ಕೆ ಇದ್ದವರೂ ಬೆರಳೆಣಿಕೆಯವರು. ಆರಂಭದಲ್ಲಿ ಅವರು ಮುಖ್ಯವಾಗಿ ಆಭರಣಗಳನ್ನೇ ಮಾಡಿದರು. ಇದಕ್ಕೆ ಕಲೆಯ ಕಾರಣದಷ್ಟೇ ವ್ಯವಹಾರದ ಕಾರಣವೂ ಇತ್ತು. ಒಂದು ಚಹಾ ಪಾತ್ರೆಗೆ ಬೇಕಾಗುವ ಬೆಳ್ಳಿಯಲ್ಲಿ ಹಲವಾರು ಚಿಕ್ಕ ಆಭರಣಗಳನ್ನು ಮಾಡಬಹುದು. ಚಿಕ್ಕ ವಸ್ತು ಬೇಗ ಮುಗಿಯುತ್ತದೆ, ಬೇಗ ಮಾರಾಟವಾಗುತ್ತದೆ, ಬಂದ ಹಣದಿಂದ ಮತ್ತೆ ಲೋಹವನ್ನು ಕೊಳ್ಳಬಹುದು. ಹೆಚ್ಚು ಹಣವನ್ನು ಸರಕಿನಲ್ಲಿ ಹೂಡಿ ಕಾಯಲಾರದ ಸಣ್ಣ ಕುಶಲಕರ್ಮಿಗೆ ಇದು ಸರಿಯಾದ ಮಾರ್ಗವಾಗಿತ್ತು.

ಆ ಕಾಲದ ಸಿರಿವಂತರ ಆಭರಣಗಳಲ್ಲಿ ವಜ್ರಕ್ಕೆ ಮೊದಲ ಸ್ಥಾನವಿತ್ತು. ದಕ್ಷಿಣ ಆಫ್ರಿಕದ ಗಣಿಗಳಿಂದ ವಜ್ರಗಳು ಹೇರಳವಾಗಿ ಬರತೊಡಗಿದ ಮೇಲೆ ಕಲ್ಲು ಹೊಳೆಯುವುದೇ ಮುಖ್ಯವಾಗಿ, ಅದನ್ನು ಹಿಡಿದಿರುವ ಲೋಹದ ಕೆಲಸ ಕಣ್ಣಿಗೆ ಬೀಳದಂತಾಗಿತ್ತು. ಇತ್ತ ಹಲವು ದೇಶಗಳು ನಾಣ್ಯಪದ್ಧತಿಯಲ್ಲಿ ಬೆಳ್ಳಿಯನ್ನು ಕೈಬಿಟ್ಟು ಚಿನ್ನವನ್ನು ಅವಲಂಬಿಸಿದ್ದರಿಂದ ಬೆಳ್ಳಿಯ ಬೆಲೆ ಕುಸಿದಿತ್ತು. ಜೆನ್ಸನ್ ಅವರು ಈ ಅಗ್ಗದ ಲೋಹವನ್ನೇ ಆರಿಸಿಕೊಂಡರು. ಶಿಕ್ಷಕರು, ಅಧಿಕಾರಿಗಳು, ವ್ಯಾಪಾರಿಗಳು ಮುಂತಾದ ಮಧ್ಯಮವರ್ಗದ ಕುಟುಂಬಗಳಲ್ಲಿ ಕಲೆಯ ಅಭಿರುಚಿಯಿದ್ದೂ ವಜ್ರವನ್ನು ಕೊಳ್ಳಲಾಗದವರು ಅನೇಕರಿದ್ದರು. ಅವರಿಗೆ ಈ ಆಭರಣಗಳು ಎಟುಕುವಂತಿದ್ದವು.

ಆಭರಣಗಳ ಸ್ವರೂಪ

ಜೆನ್ಸನ್ ಅವರ ಆಭರಣಗಳಲ್ಲಿ ಉಡುಪಿಗೆ ಚುಚ್ಚಿಕೊಳ್ಳುವ ಬ್ರೂಚ್‌ಗಳು, ಸೊಂಟಪಟ್ಟಿಯ ಕೊಕ್ಕೆಗಳು, ಟೋಪಿಯ ಪಿನ್ನುಗಳು, ಬಾಚಣಿಗೆಗಳು, ಕಡಗಗಳು, ಉಂಗುರಗಳು ಮತ್ತು ಪದಕಹಾರಗಳು ಪ್ರಮುಖವಾದವು. ಎಲೆ, ಮೊಗ್ಗು, ದ್ರಾಕ್ಷಿಗೊಂಚಲು, ಬೀಜಕೋಶ, ಹಕ್ಕಿ, ಏರೋಪ್ಲೇನ್ ಚಿಟ್ಟೆ ಮುಂತಾದ ರೂಪಗಳು ಇವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆದರೆ ಇವು ಪ್ರಕೃತಿಯ ಪಡಿಯಚ್ಚುಗಳಲ್ಲ. ನಿಜವಾದ ಎಲೆಯ ಪ್ರತಿಯೊಂದು ನರವನ್ನೂ ಕೊರೆಯುವ ಬದಲು, ಅದು ತುಂಬಿ ಬಾಗಿದ ಬಗೆಯನ್ನು ಶಿಲ್ಪಿಯಂತೆ ಹಿಡಿಯುವುದು ಅವರ ರೀತಿ. ಹೀಗಾಗಿ ಒಂದೆರಡು ಅಂಗುಲದ ಬ್ರೂಚ್ ಕೂಡ ಗಾತ್ರದಲ್ಲಿ ಚಿಕ್ಕದಾದ ಶಿಲ್ಪದಂತೆ ತೋರುತ್ತದೆ.

ಕಲ್ಲುಗಳ ಆಯ್ಕೆಯಲ್ಲಿಯೂ ಇದೇ ದೃಷ್ಟಿ ಕಾಣುತ್ತದೆ. ವಜ್ರ, ಮಾಣಿಕ್ಯಗಳಿಗೆ ಬದಲಾಗಿ ಚಂದ್ರಕಾಂತ ಶಿಲೆ, ಓಪಲ್, ಹಸಿರು ಬಣ್ಣದ ಮ್ಯಾಲಕೈಟ್, ಹವಳ ಮತ್ತು ಅಂಬರ್‌ಗಳನ್ನು ಅವರು ಬಳಸಿದರು. ಅಂಬರ್ ಎಂಬುದು ಬಹು ಪ್ರಾಚೀನ ಮರಗಳ ಅಂಟು ನೆಲದೊಳಗೆ ಗಟ್ಟಿಯಾಗಿ ಉಂಟಾದ ಹಳದಿ ಅಥವಾ ಜೇನುಬಣ್ಣದ ವಸ್ತು. ಡೆನ್ಮಾರ್ಕಿನ ಕಡಲತೀರಗಳಲ್ಲಿ ಅದು ದೊರೆಯುತ್ತದೆ. ಈ ಕಲ್ಲುಗಳನ್ನು ಸಾಮಾನ್ಯವಾಗಿ ಪಟ್ಟೆಪಟ್ಟೆಯಾಗಿ ಕತ್ತರಿಸದೆ ಗುಂಡಗೆ ಉಜ್ಜಿ ನಯಗೊಳಿಸಲಾಗುತ್ತಿತ್ತು. ಬೆಳ್ಳಿಯ ಎಲೆಗಳ ನಡುವೆ ಅವು ಹಣ್ಣು ಅಥವಾ ಇಬ್ಬನಿಯ ಹನಿಯಂತೆ ಕೂರುತ್ತಿದ್ದವು. ಕಲ್ಲಿಗಾಗಿ ಆಭರಣವಲ್ಲ, ಆಭರಣಕ್ಕಾಗಿ ಕಲ್ಲು ಎಂಬ ಕ್ರಮ ಇಲ್ಲಿ ಸ್ಪಷ್ಟವಾಗಿದೆ.

ತಯಾರಿಕೆಯ ವಿಧಾನ

ಶುದ್ಧ ಬೆಳ್ಳಿ ಬಹಳ ಮೃದುವಾದ ಲೋಹ. ಆದುದರಿಂದ ಅದಕ್ಕೆ ತಾಮ್ರವನ್ನು ಬೆರೆಸಿ ಗಟ್ಟಿಗೊಳಿಸುತ್ತಾರೆ. ಸಾವಿರ ಭಾಗಗಳಲ್ಲಿ 925 ಭಾಗ ಬೆಳ್ಳಿಯಿರುವ ಮಿಶ್ರಣವನ್ನು ಸ್ಟರ್ಲಿಂಗ್ ಬೆಳ್ಳಿ ಎಂದು ಕರೆಯುತ್ತಾರೆ. ಜೆನ್ಸನ್ ಕಾರ್ಯಾಗಾರದ ಮೊದಲ ವರ್ಷಗಳ ವಸ್ತುಗಳಲ್ಲಿ ಡೆನ್ಮಾರ್ಕಿನಲ್ಲಿ ರೂಢಿಯಲ್ಲಿದ್ದ, ಇದಕ್ಕಿಂತ ಕಡಿಮೆ ಬೆಳ್ಳಿಯಿರುವ ಮಿಶ್ರಣವೂ ಕಂಡುಬರುತ್ತದೆ.

ಬೆಳ್ಳಿಯ ತಗಡನ್ನು ಸುತ್ತಿಗೆಯಿಂದ ಬಡಿಯುತ್ತಾ ಹೋದಂತೆ ಅದು ಪೆಡಸಾಗುತ್ತದೆ. ಮುಂದುವರಿಸಿ ಬಡಿದರೆ ಬಿರುಕು ಬಿಡುತ್ತದೆ. ಆಗ ಅದನ್ನು ಕೆಂಪಗಾಗುವಂತೆ ಕಾಯಿಸಿ ಮತ್ತೆ ಮೃದುಗೊಳಿಸಬೇಕು. ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು ಎಂಬ ಈ ಸರಣಿ ವಸ್ತುವಿನ ಆಕಾರ ಸಿದ್ಧವಾಗುವವರೆಗೂ ನಡೆಯುತ್ತದೆ. ಉಬ್ಬು ಚಿತ್ರಗಳಿಗಾಗಿ ತಗಡನ್ನು ಮೆತ್ತನೆಯ ರಾಳದ ಹಾಸಿನ ಮೇಲಿಟ್ಟು, ಹಿಂಬದಿಯಿಂದ ಮೊಂಡುಮೊನೆಯ ಚಾಣಗಳಿಂದ ತಟ್ಟಿ ಎಬ್ಬಿಸುತ್ತಾರೆ, ಆಮೇಲೆ ಮುಂಬದಿಯಿಂದ ಗೆರೆಗಳನ್ನು ತಿದ್ದುತ್ತಾರೆ. ಬಿಡಿಬಿಡಿಯಾಗಿ ಮಾಡಿದ ಎಲೆ, ಗುಂಡು, ತಂತಿಗಳನ್ನು ಬೆಸುಗೆಯಿಂದ ಜೋಡಿಸುತ್ತಾರೆ. ಬೆಸುಗೆಯ ಲೋಹವು ಬೆಳ್ಳಿಗಿಂತ ಕಡಿಮೆ ಶಾಖದಲ್ಲಿ ಕರಗಬೇಕು. ಶಾಖ ತುಸು ಹೆಚ್ಚಾದರೂ ಹಲವು ದಿನಗಳ ಕೆಲಸ ಕ್ಷಣಮಾತ್ರದಲ್ಲಿ ಕರಗಿಹೋಗಬಹುದು. ಕಲ್ಲುಗಳು ಬಿಸಿಯನ್ನು ತಾಳಲಾರವಾದ್ದರಿಂದ ಅವುಗಳನ್ನು ಎಲ್ಲಕ್ಕಿಂತ ಕೊನೆಗೆ ಕೂರಿಸಲಾಗುತ್ತದೆ.

ಜೆನ್ಸನ್ ಅವರ ವಸ್ತುಗಳ ಮೇಲ್ಮೈ ಕನ್ನಡಿಯಂತೆ ಥಳಥಳಿಸುವುದಿಲ್ಲ. ಕಾಯಿಸಿದ ವಸ್ತುವನ್ನು ಸಲ್ಫ್ಯೂರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ, ಬಳಿಕ ಹದವಾಗಿ ಉಜ್ಜಿ, ತಗ್ಗುಗಳಲ್ಲಿ ತುಸು ಕಪ್ಪು ಉಳಿಯುವಂತೆ ಬಿಡುವುದು ಅವರ ಕಾರ್ಯಾಗಾರದ ಕ್ರಮವಾಗಿತ್ತು. ಸುತ್ತಿಗೆಯ ಸಣ್ಣ ಗುರುತುಗಳನ್ನು ಸಂಪೂರ್ಣವಾಗಿ ಅಳಿಸದೆ ಉಳಿಸಿಕೊಳ್ಳುವುದೂ ಉಂಟು. ಇದರಿಂದ ಬೆಳ್ಳಿಗೆ ಬೆಳದಿಂಗಳಿನಂತಹ ಮಂದವಾದ ಕಾಂತಿ ಬರುತ್ತದೆ, ಉಬ್ಬುತಗ್ಗುಗಳು ಎದ್ದು ಕಾಣುತ್ತವೆ. ಇನ್ನೊಬ್ಬ ಕುಶಲಕರ್ಮಿ ಒರಟುತನವೆಂದು ಅಳಿಸಿಬಿಡಬಹುದಾಗಿದ್ದ ಗುರುತನ್ನು ಅವರು ಕೈಕೆಲಸದ ಮುದ್ರೆಯಾಗಿ ಉಳಿಸಿಕೊಂಡರು.

ಪ್ರದರ್ಶನಗಳು ಮತ್ತು ಮಾರುಕಟ್ಟೆ

ಕೃತಿ ಎಷ್ಟೇ ಚೆನ್ನಾಗಿದ್ದರೂ ಕೊಳ್ಳುವವರ ಕಣ್ಣಿಗೆ ಬೀಳದಿದ್ದರೆ ಕಾರ್ಯಾಗಾರ ನಡೆಯದು. ಜೆನ್ಸನ್ ಅವರ ಹೆಸರು ಹರಡಲು ಪ್ರದರ್ಶನಗಳು ಬಹುವಾಗಿ ನೆರವಾದವು. 1905ರಲ್ಲಿ ಜರ್ಮನಿಯ ಹಾಗೆನ್ ನಗರದ ಫೋಕ್‌ವಾಂಗ್ ವಸ್ತುಸಂಗ್ರಹಾಲಯದಲ್ಲಿ ಅವರ ಕೃತಿಗಳು ಪ್ರದರ್ಶಿತವಾದವು. 1909ರಲ್ಲಿ ಬರ್ಲಿನ್ ನಗರದಲ್ಲಿ ಅವರ ವಸ್ತುಗಳ ಮಳಿಗೆ ಆರಂಭವಾಯಿತು. 1910ರ ಬ್ರಸೆಲ್ಸ್ ವಿಶ್ವ ಪ್ರದರ್ಶನದಲ್ಲಿ ಚಿನ್ನದ ಪದಕ ದೊರೆಯಿತು. ಕೆಲವೇ ವರ್ಷಗಳಲ್ಲಿ ಜರ್ಮನಿಯು ಅವರ ಮುಖ್ಯ ಮಾರುಕಟ್ಟೆಗಳಲ್ಲಿ ಒಂದಾಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಬರ್ಲಿನ್ ಮಾರುಕಟ್ಟೆ ಕೈತಪ್ಪಿತು. ಒಂದೇ ಊರಿನ ಗಿರಾಕಿಗಳನ್ನು ಹೆಚ್ಚಾಗಿ ನೆಚ್ಚಿದ ಉದ್ಯಮಕ್ಕೆ ಒದಗಬಹುದಾದ ಅಪಾಯ ಇದಾಗಿತ್ತು. ಅದೇ ವರ್ಷ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ನಡೆದ ಬಾಲ್ಟಿಕ್ ಪ್ರದರ್ಶನವು ಹೊಸ ದಾರಿಯನ್ನು ತೋರಿಸಿತು. ಜೆನ್ಸನ್ ಅವರ ಕೃತಿಗಳನ್ನು ಮೆಚ್ಚಿದ ಸ್ವೀಡನ್ನಿನ ಕಲಾವ್ಯಾಪಾರಿಯೊಬ್ಬರು ಅವುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂಡುದರಿಂದ ಕಾರ್ಯಾಗಾರ ಉಸಿರಾಡುವಂತಾಯಿತು. 1915ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಪನಾಮಾ-ಪೆಸಿಫಿಕ್ ಪ್ರದರ್ಶನದಲ್ಲಿ ಇಡಲಾಗಿದ್ದ ವಸ್ತುಗಳಲ್ಲಿ ಬಹುಭಾಗವನ್ನು ಪತ್ರಿಕೋದ್ಯಮಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅವರು ಖರೀದಿಸಿದರು. ಅಮೆರಿಕದಲ್ಲಿ ಜೆನ್ಸನ್ ಅವರ ಹೆಸರು ಇದರಿಂದ ಪ್ರಚಾರಕ್ಕೆ ಬಂದಿತು.

ಆಭರಣದಿಂದ ಪಾತ್ರೆಗಳ ಕಡೆಗೆ

ಆಭರಣಗಳ ಮಾರಾಟದಿಂದ ನೆಲೆ ದೊರೆತ ಮೇಲೆ ಜೆನ್ಸನ್ ಅವರು ಪಾತ್ರೆ, ಚಮಚಗಳ ತಯಾರಿಕೆಗೂ ಕೈಹಾಕಿದರು. 1905ರಲ್ಲಿ ರೂಪಿಸಿದ, ಮುಚ್ಚಳದ ಮೇಲೆ ಅರಳುವ ಹೂವಿರುವ ಚಹಾ ಪಾತ್ರೆ ಇಂದಿಗೂ ಪ್ರಸಿದ್ಧವಾಗಿದೆ. 1906ರಲ್ಲಿ ಅವರ ಮೊದಲ ಚಮಚ-ಮುಳ್ಳುಚಮಚಗಳ ವಿನ್ಯಾಸ ಹೊರಬಂದಿತು. 1918ರ ದ್ರಾಕ್ಷಿಗೊಂಚಲಿನ ಎತ್ತರದ ತಟ್ಟೆಯು ಅವರ ಶೈಲಿಯ ಗುರುತಾಗಿ ಉಳಿದುಕೊಂಡಿದೆ.

ಸಹಕಲಾವಿದರು

ಜೆನ್ಸನ್ ಅವರು ತಮ್ಮೊಬ್ಬರ ವಿನ್ಯಾಸಗಳನ್ನೇ ಹಿಡಿದು ಕೂರಲಿಲ್ಲ. ಚಿತ್ರಕಾರ ಯೋಹಾನ್ ರೋಡೆ ಅವರು ಮೊದಲು ತಮ್ಮ ಮನೆಯ ಬಳಕೆಗೆಂದು ಕೆಲವು ಬೆಳ್ಳಿಯ ವಸ್ತುಗಳನ್ನು ಜೆನ್ಸನ್ ಅವರಿಂದ ಮಾಡಿಸಿಕೊಂಡರು. 1906ರಲ್ಲಿ ಆರಂಭವಾದ ಈ ಪರಿಚಯ ದೀರ್ಘಕಾಲದ ಸಹಯೋಗವಾಗಿ ಬೆಳೆಯಿತು. ರೋಡೆ ಅವರ ವಿನ್ಯಾಸಗಳು ಜೆನ್ಸನ್ ಅವರವಕ್ಕಿಂತ ಸರಳ. 1915ರಲ್ಲಿ ಅವರು ರೂಪಿಸಿದ ಓಕ್ ಮರದ ಕಾಯಿಯ ಅಲಂಕಾರವಿರುವ ಚಮಚಗಳು ಸಂಸ್ಥೆಯ ಅತಿ ಜನಪ್ರಿಯ ವಸ್ತುಗಳಲ್ಲಿ ಸೇರಿವೆ. 1920ರಲ್ಲಿ ಅವರು ರಚಿಸಿದ ಅಲಂಕಾರವಿಲ್ಲದ ಹೂಜಿಯು ಕಾಲಕ್ಕಿಂತ ಮುಂದಿದೆ ಎಂದು ತೋರಿದ್ದರಿಂದ ಕೆಲವು ವರ್ಷ ತಡವಾಗಿ, 1925ರಲ್ಲಿ, ತಯಾರಿಕೆಗೆ ಬಂದಿತು.

ಜೆನ್ಸನ್ ಅವರ ಮೂರನೆಯ ಪತ್ನಿ ಜೊಹಾನ್ನೆ ಅವರ ತಮ್ಮ ಹರಾಲ್ಡ್ ನೀಲ್ಸನ್ ಅವರು 1909ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಕಾರ್ಯಾಗಾರವನ್ನು ಸೇರಿದರು. ಭಾವನ ಕೈಕೆಳಗೆ ಪಳಗಿದ ಅವರು ಮುಂದೆ ಸಂಸ್ಥೆಯ ಪ್ರಮುಖ ವಿನ್ಯಾಸಕರಾದರು. ಸಾಮಾನ್ಯವಾಗಿ ಕಾರ್ಯಾಗಾರದ ಒಡೆಯನ ಹೆಸರಿನಲ್ಲಿಯೇ ಎಲ್ಲವೂ ಹೊರಬರುತ್ತಿದ್ದ ಕಾಲದಲ್ಲಿ, ಪ್ರತಿಯೊಬ್ಬ ವಿನ್ಯಾಸಕನಿಗೂ ಅವನವನ ಕೃತಿಯ ಕೀರ್ತಿ ಸಲ್ಲುವಂತೆ ಜೆನ್ಸನ್ ಅವರು ನೋಡಿಕೊಂಡರು. ಸ್ವತಃ ಕೆಳಗಿನಿಂದ ಮೇಲೆ ಬಂದ ಕುಶಲಕರ್ಮಿಯ ಈ ನಡೆಯು ಸಂಸ್ಥೆಯು ಅವರ ಅನಂತರವೂ ಹೊಸ ಪ್ರತಿಭೆಗಳನ್ನು ಸೆಳೆಯಲು ಕಾರಣವಾಯಿತು.

ಉದ್ಯಮದ ವಿಸ್ತರಣೆ ಮತ್ತು ಒಡೆತನದ ಪ್ರಶ್ನೆ

ಬೇಡಿಕೆ ಹೆಚ್ಚಿದಂತೆ ಹೆಚ್ಚು ಕೆಲಸಗಾರರು, ಹೆಚ್ಚು ಸ್ಥಳ, ಹೆಚ್ಚು ಬೆಳ್ಳಿ ಬೇಕಾದವು. ಇವೆಲ್ಲಕ್ಕೂ ಹಣ ಬೇಕು. ಬೆಳ್ಳಿಯನ್ನು ಮೊದಲೇ ಕೊಂಡು, ತಿಂಗಳುಗಟ್ಟಲೆ ದುಡಿದು, ಮಾರಾಟವಾದ ಮೇಲಷ್ಟೇ ಹಣವನ್ನು ಕಾಣುವ ವೃತ್ತಿಯಲ್ಲಿ ಉದ್ಯಮ ಬೆಳೆದಷ್ಟೂ ಬಂಡವಾಳದ ಕೊರತೆಯೂ ಬೆಳೆಯುತ್ತದೆ. ಜೆನ್ಸನ್ ಅವರು ಲೆಕ್ಕಪತ್ರಕ್ಕಿಂತ ಕೆಲಸದ ಮೇಜನ್ನು ಪ್ರೀತಿಸಿದವರು. 1916ರಲ್ಲಿ ಕಾರ್ಯಾಗಾರವು ಷೇರುಗಳುಳ್ಳ ಕಂಪನಿಯಾಗಿ ಮಾರ್ಪಟ್ಟಿತು. ಹೊರಗಿನವರ ಹಣ ಒಳಬಂದಿತು, ಅದರೊಡನೆ ಹೊರಗಿನವರ ಅಧಿಕಾರವೂ ಬಂದಿತು.

1919ರಲ್ಲಿ ಕೋಪನ್‌ಹೇಗನ್ನಿನ ರಾಗ್ನಗಾಡೆಯಲ್ಲಿ ಹೊಸ ಕಾರ್ಖಾನೆ ಆರಂಭವಾಯಿತು. 1921ರಲ್ಲಿ ಲಂಡನ್ನಿನಲ್ಲಿ, 1924ರಲ್ಲಿ ನ್ಯೂಯಾರ್ಕಿನಲ್ಲಿ ಮಳಿಗೆಗಳು ತೆರೆದವು. ನ್ಯೂಯಾರ್ಕ್ ಮಳಿಗೆಯನ್ನು ಕಟ್ಟಿ ಬೆಳೆಸಿದವರು ಫ್ರೆಡರಿಕ್ ಲುನ್ನಿಂಗ್. ಹೊರಗಿನಿಂದ ನೋಡುವವರಿಗೆ ಇದು ಏಳಿಗೆಯ ಶಿಖರ. ಒಳಗಾದರೋ, ಯುದ್ಧಾನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಕಂಪನಿಯು ಹಣಕಾಸಿನ ತೊಂದರೆಗೆ ಸಿಲುಕಿತ್ತು. ಹಣ ಹೂಡಿದವರ ಹಿಡಿತ ಬಲವಾದಂತೆ ಸ್ಥಾಪಕರ ಮಾತಿಗೆ ತೂಕ ಕಡಿಮೆಯಾಯಿತು.

1920ರ ದಶಕದ ನಡುವಿನಲ್ಲಿ ಜೆನ್ಸನ್ ಅವರು ಕೋಪನ್‌ಹೇಗನ್ ಬಿಟ್ಟು ಪ್ಯಾರಿಸ್ಸಿಗೆ ತೆರಳಿ ಅಲ್ಲಿ ಸ್ವಂತ ಕಾರ್ಯಾಗಾರವನ್ನು ಆರಂಭಿಸಿದರು. ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಜಗತ್ತಿಗೆಲ್ಲ ಹೆಸರು ಪರಿಚಿತವಾದ ಮೇಲೆ, ಅವರು ಮತ್ತೆ ಸಣ್ಣ ಕೋಣೆಯಲ್ಲಿ ಕುಳಿತು ಮೊದಲಿನಿಂದ ತೊಡಗಲು ಬಯಸಿದುದು ಅವರ ಮನೋಧರ್ಮವನ್ನು ತಿಳಿಸುತ್ತದೆ. ಈ ಪ್ರಯತ್ನ ಹೆಚ್ಚು ಕಾಲ ನಡೆಯಲಿಲ್ಲ. 1926ರ ವೇಳೆಗೆ ಅವರು ಕೋಪನ್‌ಹೇಗನ್ನಿಗೆ ಮರಳಿ, ತಮ್ಮ ಹೆಸರನ್ನೇ ಹೊತ್ತ ಸಂಸ್ಥೆಯಲ್ಲಿ ಕಲಾ ಮಾರ್ಗದರ್ಶಕರಾಗಿ ಮುಂದುವರಿದರು. ಹೆಸರು ಅವರದಾಗಿತ್ತು, ತೀರ್ಮಾನಗಳು ಬೇರೆಯವರವಾಗಿದ್ದವು.

ಕುಟುಂಬ

ಜೆನ್ಸನ್ ಅವರು ನಾಲ್ಕು ಬಾರಿ ವಿವಾಹವಾದರು. ಮೊದಲ ಪತ್ನಿಯನ್ನು 1897ರಲ್ಲಿ ಕಳೆದುಕೊಂಡಂತೆ, ಜೊಹಾನ್ನೆ ಅವರನ್ನು 1918ರಲ್ಲಿ ಕಳೆದುಕೊಂಡರು. ಉದ್ಯಮವು ಬೆಳೆಯುತ್ತಿದ್ದ ವರ್ಷಗಳಲ್ಲಿಯೇ ಮನೆಯಲ್ಲಿ ಸಾವಿನ ನೆರಳು ಬಿದ್ದಿತು. ಅವರ ಮಕ್ಕಳಲ್ಲಿ ಯೋರ್ಗೆನ್ ಜೆನ್ಸನ್ ಅವರು ಬೆಳ್ಳಿಕೆಲಸಗಾರರಾಗಿ, 1917ರಲ್ಲಿ ಜನಿಸಿದ ಸೋರೆನ್ ಜಾರ್ಜ್ ಜೆನ್ಸನ್ ಅವರು ಶಿಲ್ಪಿ ಹಾಗೂ ಬೆಳ್ಳಿ ವಿನ್ಯಾಸಕರಾಗಿ ಹೆಸರು ಗಳಿಸಿದರು. ತಂದೆಯು ಹೊಟ್ಟೆಪಾಡಿಗಾಗಿ ಹಿಂದೆ ಬಿಟ್ಟುಬಂದ ಶಿಲ್ಪಕಲೆಯನ್ನು ಮಗನು ವೃತ್ತಿಯಾಗಿ ಕೈಗೊಂಡದ್ದು ಗಮನಾರ್ಹ.

ನಿಧನ ಮತ್ತು ಪರಂಪರೆ

ಜೆನ್ಸನ್ ಅವರು 2 ಅಕ್ಟೋಬರ್ 1935ರಂದು ಕೋಪನ್‌ಹೇಗನ್ನಿನಲ್ಲಿ ನಿಧನರಾದರು. ಆಗ ಅವರಿಗೆ 69 ವರ್ಷ. ಅವರ ಅನಂತರ ಹೆನ್ನಿಂಗ್ ಕೊಪ್ಪೆಲ್, ನನ್ನಾ ಡಿಟ್ಸೆಲ್, ವಿವಿಯಾನಾ ತೊರುನ್ ಮುಂತಾದ ಕಲಾವಿದರು ಸಂಸ್ಥೆಗಾಗಿ ವಿನ್ಯಾಸಗಳನ್ನು ರಚಿಸಿ ಇಪ್ಪತ್ತನೆಯ ಶತಮಾನದ ಸ್ಕ್ಯಾಂಡಿನೇವಿಯನ್ ವಿನ್ಯಾಸಕ್ಕೆ ಜಾಗತಿಕ ಖ್ಯಾತಿಯನ್ನು ತಂದರು. ಸಂಸ್ಥೆಯ ಒಡೆತನ ಹಲವು ಕೈಗಳನ್ನು ದಾಟಿ 2023ರಲ್ಲಿ ಫಿನ್ಲೆಂಡಿನ ಫಿಸ್ಕಾರ್ಸ್ ಸಮೂಹಕ್ಕೆ ಸೇರಿತು.

ಜೆನ್ಸನ್ ಅವರ ಆರಂಭಿಕ ಆಭರಣಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಇವೆ. ಒಂದು ಕಾಲದಲ್ಲಿ ಮಧ್ಯಮವರ್ಗದವರು ಕೊಳ್ಳಲೆಂದು ಮಾಡಿದ ಬ್ರೂಚ್‌ಗಳಿಗೆ ಅವುಗಳಲ್ಲಿರುವ ಬೆಳ್ಳಿಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ಬೆಲೆ ಹರಾಜುಗಳಲ್ಲಿ ದೊರೆಯುತ್ತಿದೆ. ಸ್ವಂತವಾಗಿ ಆಭರಣಗಳನ್ನು ರೂಪಿಸಿ ಮಾರುವ ಸಣ್ಣ ಕುಶಲಕರ್ಮಿಗಳು ಅವರ ಬದುಕಿನಿಂದ ಎರಡು ಪಾಠಗಳನ್ನು ಕಲಿಯಬಹುದು. ಸಾಧಾರಣ ಲೋಹವೂ ಸಾಧಾರಣ ಕಲ್ಲೂ ಬಲ್ಲವನ ಕೈಯಲ್ಲಿ ಅಸಾಧಾರಣವಾಗಬಲ್ಲವು ಎಂಬುದು ಮೊದಲನೆಯದು. ಉದ್ಯಮವನ್ನು ಎಷ್ಟು ಬೆಳೆಸಬೇಕು, ಯಾರ ಹಣದಿಂದ ಬೆಳೆಸಬೇಕು ಎಂಬುದನ್ನು ಬೇಡಿಕೆ ಬರುವ ಮುನ್ನವೇ ಯೋಚಿಸಬೇಕು ಎಂಬುದು ಎರಡನೆಯದು.

ಜೀವನದ ಪ್ರಮುಖ ಘಟ್ಟಗಳು

1866 – ರಾಡ್‌ವಾಡ್‌ನಲ್ಲಿ ಜನನ
1884 – ಅಕ್ಕಸಾಲಿಕೆಯ ತರಬೇತಿ ಪೂರ್ಣ
1892 – ಅಕಾಡೆಮಿಯಲ್ಲಿ ಶಿಲ್ಪಕಲೆಯ ವ್ಯಾಸಂಗ ಪೂರ್ಣ
1897 – ಮೊದಲ ಪತ್ನಿಯ ನಿಧನ
1898 – ಕುಂಬಾರಿಕೆಯ ಕಾರ್ಯಾಗಾರ
1901 – ಮೋಗೆನ್ಸ್ ಬಲ್ಲಿನ್ ಅವರ ಕಾರ್ಯಾಗಾರಕ್ಕೆ ಸೇರ್ಪಡೆ
1904 – ಬ್ರೆಡ್‌ಗಾಡೆಯಲ್ಲಿ ಸ್ವಂತ ಬೆಳ್ಳಿ ಕಾರ್ಯಾಗಾರ
1909 – ಬರ್ಲಿನ್ ಮಳಿಗೆ
1910 – ಬ್ರಸೆಲ್ಸ್ ಪ್ರದರ್ಶನದಲ್ಲಿ ಚಿನ್ನದ ಪದಕ
1916 – ಕಾರ್ಯಾಗಾರವು ಷೇರು ಕಂಪನಿಯಾಗಿ ಪರಿವರ್ತನೆ
1924 – ನ್ಯೂಯಾರ್ಕ್ ಮಳಿಗೆ
1935 – ಕೋಪನ್‌ಹೇಗನ್ನಿನಲ್ಲಿ ನಿಧನ